ಮೂಳೆಯ ಸವೆತ ಮತ್ತು ಕಟ್ಟುವಿಕೆಯನ್ನು ರಕ್ತದಲ್ಲಿ ಅಳೆಯುವ ಬಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಲ್ಯಾಬುಗಳಿಗೂ ರೋಗಿಗಳಿಗೂ

ಮೂಳೆ ಸವೆತಕ್ಕೆ ಚಿಕಿತ್ಸೆ ಆರಂಭಿಸಿದ ಮೇಲೆ ಮದ್ದು ನಾಟುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಒಂದನ್ನೇ ನೆಚ್ಚಿಕೊಂಡರೆ ಒಂದೆರಡು ವರ್ಷ ಕಾಯಬೇಕಾಗುತ್ತದೆ. ಮೂಳೆಯ ಸಾಂದ್ರತೆ ಬದಲಾಗುವುದೇ ನಿಧಾನ. ಆ ಬದಲಾವಣೆ ಯಂತ್ರದ ಸಹಜ ಏರುಪೇರನ್ನು ಮೀರಿ ಕಾಣಿಸಿಕೊಳ್ಳಲು ಅಷ್ಟು ಕಾಲ ಹಿಡಿಯುತ್ತದೆ. ಮೂಳೆ ಸವೆಯುವಾಗ ಮತ್ತು ಹೊಸದಾಗಿ ಕಟ್ಟಿಕೊಳ್ಳುವಾಗ ರಕ್ತಕ್ಕೆ ಸೇರುವ ಪ್ರೋಟೀನಿನ ತುಣುಕುಗಳನ್ನು ಅಳೆದರೆ ಅದೇ ಪ್ರಶ್ನೆಗೆ ಮೂರು ತಿಂಗಳಲ್ಲಿ ಉತ್ತರ ಸಿಗುತ್ತದೆ. ಈ ಪರೀಕ್ಷೆಗಳು ಅಗ್ಗವಲ್ಲ. ತಾಲ್ಲೂಕು ಮಟ್ಟದ ಲ್ಯಾಬುಗಳಲ್ಲಿ ಇವನ್ನು ಮಾಡುವ ಯಂತ್ರ ಇರುವುದು ಅಪರೂಪವಾದ್ದರಿಂದ ಸ್ಯಾಂಪಲ್ ಸಾಮಾನ್ಯವಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತದೆ. ಹಾಗೆ ಹೋದ ಸ್ಯಾಂಪಲಿನ ಫಲಿತಾಂಶವನ್ನು ಎಷ್ಟು ನಂಬಬಹುದೆಂದು ನಿರ್ಧರಿಸುವುದು ಅಲ್ಲಿನ ಯಂತ್ರಕ್ಕಿಂತ ಹೆಚ್ಚಾಗಿ ಇಲ್ಲಿ ರಕ್ತ ತೆಗೆದ ಗಂಟೆ, ತುಂಬಿದ ಟ್ಯೂಬು ಮತ್ತು ಇಟ್ಟ ತಂಪು ಎಂಬುದು ಈ ಬರಹದ ಮುಖ್ಯ ಮಾತು.

ಅಳೆಯುವುದು ಏನನ್ನು

ವಯಸ್ಕರ ಅಸ್ಥಿಪಂಜರದಲ್ಲಿ ಪ್ರತಿ ವರ್ಷ ಸುಮಾರು ಹತ್ತನೇ ಒಂದು ಭಾಗ ಹಳೆಯದು ಹೋಗಿ ಹೊಸದಾಗುತ್ತದೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ. ಅವು ಕೆಲವು ವಾರಗಳಲ್ಲಿ ತೋಡಿದ ಗುಂಡಿಯನ್ನು ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ತಿಂಗಳುಗಟ್ಟಲೆ ಕೆಲಸ ಮಾಡಿ ತುಂಬುತ್ತವೆ. ಮೂಳೆಯ ಖನಿಜೇತರ ಭಾಗದಲ್ಲಿ ಸುಮಾರು ಶೇ 90ರಷ್ಟು ಒಂದನೇ ಬಗೆಯ ಕೊಲಾಜನ್ ಇರುತ್ತದೆ. ಇದು ಒಡೆಯುವಾಗ ಹೊರಬೀಳುವ ತುದಿಯ ತುಣುಕೇ ಸಿಟಿಎಕ್ಸ್. ಹೊಸ ಕೊಲಾಜನ್ ಹೆಣೆದುಕೊಳ್ಳುವಾಗ ಕತ್ತರಿಸಿ ಬಿಡುಗಡೆಯಾಗುವ ತುಣುಕು ಪಿ1ಎನ್‌ಪಿ. ಮೊದಲನೆಯದು ಸವೆತವನ್ನೂ ಎರಡನೆಯದು ಕಟ್ಟುವಿಕೆಯನ್ನೂ ಹೇಳುತ್ತದೆ. ಆಸ್ಟಿಯೋಕ್ಯಾಲ್ಸಿನ್, ಮೂಳೆಯ ಆಲ್ಕಲೈನ್ ಫಾಸ್ಫಟೇಸ್, ಟ್ರ್ಯಾಪ್-5ಬಿ, ಮೂತ್ರದಲ್ಲಿ ಅಳೆಯುವ ಎನ್‌ಟಿಎಕ್ಸ್ ಮುಂತಾದ ಇನ್ನೂ ಹಲವು ಸೂಚಕಗಳಿದ್ದರೂ, 2011ರಲ್ಲಿ ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನ ಮತ್ತು ಕ್ಲಿನಿಕಲ್ ಕೆಮಿಸ್ಟ್ರಿಯ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಸಿಟಿಎಕ್ಸ್ ಮತ್ತು ಪಿ1ಎನ್‌ಪಿ ಎರಡನ್ನೇ ಆಧಾರ ಸೂಚಕಗಳೆಂದು ಶಿಫಾರಸು ಮಾಡಿದವು. ಬೇರೆ ಕಾರಣವಿಲ್ಲದಿದ್ದರೆ ಈ ಎರಡಕ್ಕೆ ಅಂಟಿಕೊಳ್ಳುವುದೇ ಒಳ್ಳೆಯದು.

ಈ ಪರೀಕ್ಷೆಗಳಿಂದ ಮೂಳೆ ಸವೆತದ ರೋಗವಿದೆಯೆಂದು ಹೇಳಲಾಗದು. ಅದನ್ನು ಹೇಳುವುದು ಡೆಕ್ಸಾ ಸ್ಕ್ಯಾನಿನ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಸಾಂದ್ರತೆಗೆ ಹೋಲಿಸಿದ ಅಂಕ; -2.5 ಅಥವಾ ಅದಕ್ಕಿಂತ ಕಡಿಮೆ), ಇಲ್ಲವೇ ಸಣ್ಣ ಪೆಟ್ಟಿಗೇ ಮುರಿದ ಬೆನ್ನುಮೂಳೆ ಅಥವಾ ಸೊಂಟದ ಮೂಳೆ. ಮೂಳೆ ಸವೆತದ ಮದ್ದು ಪಡೆಯುವವರ ಹಲ್ಲು ಕೀಳುವ ಮೊದಲು ಸಿಟಿಎಕ್ಸ್ ಮಾಡಿಸಿ ಆ ಮದ್ದಿನಿಂದ ದವಡೆಗೆ ಅಪಾಯವಿದೆಯೇ ಎಂದು ನೋಡುವ ರೂಢಿಯೊಂದು ಅಲ್ಲಲ್ಲಿ ಇದೆ. ಆ ಅಪಾಯವನ್ನು ಮುಂಚಿತವಾಗಿ ಹೇಳುವ ಶಕ್ತಿ ಈ ಸಂಖ್ಯೆಗೆ ಇದೆಯೆಂಬುದು ಸಾಬೀತಾಗಿಲ್ಲವಾದ್ದರಿಂದ ಅದಕ್ಕಾಗಿ ಹಣ ಕಳೆಯಬೇಕಾಗಿಲ್ಲ.

ಮೊದಲು ಮಾಡಿಸಬೇಕಾದ ಸಾದಾ ಪರೀಕ್ಷೆಗಳು

ಸಿಟಿಎಕ್ಸ್ ಬರೆದುಕೊಡುವ ಮೊದಲು, ಅಥವಾ ಕನಿಷ್ಠ ಅದರ ಜೊತೆಯಲ್ಲಿ, ಕ್ಯಾಲ್ಸಿಯಂ, ಆಲ್ಬುಮಿನ್, ಫಾಸ್ಫರಸ್, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, 25-ಹೈಡ್ರಾಕ್ಸಿ ವಿಟಮಿನ್ ಡಿ ಮತ್ತು ಥೈರಾಯ್ಡಿನ ಟಿಎಸ್‌ಎಚ್ ಇರಬೇಕು. ಕ್ಯಾಲ್ಸಿಯಂ ಏರುಪೇರಾಗಿದ್ದರೆ ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಕೂಡ ಬೇಕು. ಇವುಗಳಲ್ಲಿ ಹೆಚ್ಚಿನವು ಎಲ್ಲ ತಾಲ್ಲೂಕು ಕೇಂದ್ರಗಳಲ್ಲೂ ಆಗುತ್ತವೆ. ಥೈರಾಯ್ಡ್ ಹೆಚ್ಚಾಗಿದ್ದರೂ, ಪ್ಯಾರಾಥೈರಾಯ್ಡ್ ಹೆಚ್ಚಾಗಿದ್ದರೂ, ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾಗಿದ್ದರೂ ಸೂಚಕಗಳು ಏರುತ್ತವೆ. ಆ ಕಾಯಿಲೆಗಳನ್ನು ಬದಿಗಿಟ್ಟು ಬರೀ ಸಿಟಿಎಕ್ಸ್ ನೋಡಿದರೆ ಏರಿಕೆ ಕಾಣುತ್ತದೆಯೇ ಹೊರತು ಏರಿಕೆಯ ಕಾರಣ ಕಾಣುವುದಿಲ್ಲ.

ರಕ್ತ ತೆಗೆಯುವ ಬೆಳಗು

ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಟಿಎಕ್ಸ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ: ನಸುಕಿನ ಎರಡರಿಂದ ಐದು ಗಂಟೆಯ ನಡುವೆ ಶಿಖರ ಮುಟ್ಟಿ, ಬೆಳಗಿನಿಂದ ಇಳಿಯುತ್ತ ಬಂದು, ಸುಮಾರು ಹನ್ನೊಂದರಿಂದ ಮಧ್ಯಾಹ್ನ ಮೂರರ ಹೊತ್ತಿಗೆ ತಳ ಸೇರುತ್ತದೆ. ಊಟ ಮಾಡಿದರೆ ಇದು ಇನ್ನೂ ಕುಸಿಯುತ್ತದೆ. ಕರುಳಿನಿಂದ ಹೊರಡುವ ಹಾರ್ಮೋನುಗಳು ಮೂಳೆ ಕರಗಿಸುವ ಕೋಶಗಳನ್ನು ತಾತ್ಕಾಲಿಕವಾಗಿ ತಡೆಯುವುದೇ ಇದಕ್ಕೆ ಕಾರಣ. ಆದ್ದರಿಂದ ಹಿಂದಿನ ರಾತ್ರಿಯ ಊಟದ ನಂತರ ಏನನ್ನೂ ತಿನ್ನದೆ, ಬೆಳಿಗ್ಗೆ ಏಳೂವರೆಯಿಂದ ಹತ್ತರ ಒಳಗೆ ರಕ್ತ ಕೊಡಬೇಕು. ಬರೀ ನೀರು ಕುಡಿಯಬಹುದು, ಕುಡಿಯುವುದು ಒಳ್ಳೆಯದು ಕೂಡ. ಹಾಲು-ಸಕ್ಕರೆ ಹಾಕಿದ ಚಹಾ ಉಪವಾಸವನ್ನು ಮುರಿಯುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ವಗ್ಗರಣಿ-ಮಿರ್ಚಿ ತಿಂದು ಲ್ಯಾಬಿಗೆ ಬಂದವರ ಸಿಟಿಎಕ್ಸ್ ಕಡಿಮೆ ಬಂದರೆ ಅದು ಮಾತ್ರೆಯ ಗುಣವೋ ಮಿರ್ಚಿಯ ಗುಣವೋ ಯಾರಿಗೂ ತಿಳಿಯದು.

ತೊಡಕು ಬರುವುದು ಹಳ್ಳಿಯಿಂದ ಬರುವವರಿಗೆ. ಕುಷ್ಟಗಿಯ ಕಡೆಯಿಂದ ಕೊಪ್ಪಳಕ್ಕೆ, ಲಿಂಗಸುಗೂರಿನ ಕಡೆಯಿಂದ ರಾಯಚೂರಿಗೆ, ಸಿರುಗುಪ್ಪದ ಹಳ್ಳಿಗಳಿಂದ ಬಳ್ಳಾರಿಗೆ ಬರುವ ವಯಸ್ಸಾದ ಮಹಿಳೆ ಬಸ್ಸು ಬದಲಿಸಿ ಲ್ಯಾಬು ತಲುಪುವಾಗ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಮೊದಲ ಬಾರಿ ಹನ್ನೊಂದಕ್ಕೆ, ಮೂರು ತಿಂಗಳ ನಂತರ ನೆಂಟರ ಮನೆಯಲ್ಲಿ ಉಳಿದು ಎಂಟಕ್ಕೆ ರಕ್ತ ಕೊಟ್ಟರೆ ನಿಜವಾದ ಇಳಿತವೇ ಮುಚ್ಚಿಹೋಗಬಹುದು. ಇದಕ್ಕೆ ಪರಿಹಾರ ಎರಡು. ಊರಿಗೆ ಹತ್ತಿರದ ತಾಲ್ಲೂಕಿನ ಸಂಗ್ರಹ ಕೇಂದ್ರದಲ್ಲಿ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ರಕ್ತ ತೆಗೆಸಿ ಅಲ್ಲಿಂದಲೇ ಕಳಿಸುವುದು ಮೊದಲನೆಯದು. ಆದರೆ ಆ ಕೇಂದ್ರದಲ್ಲಿ ಸೆಂಟ್ರಿಫ್ಯೂಜ್ (ರಕ್ತವನ್ನು ವೇಗವಾಗಿ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಯಂತ್ರ) ಮತ್ತು ಫ್ರಿಜ್ ಇದೆಯೆಂದು ಮುಂಚೆಯೇ ಕೇಳಿಕೊಳ್ಳಬೇಕು. ಅದೂ ಆಗದಿದ್ದರೆ ಸಿಟಿಎಕ್ಸ್ ಬಿಟ್ಟು ಪಿ1ಎನ್‌ಪಿ ಒಂದನ್ನೇ ಮಾಡಿಸುವುದು ಎರಡನೆಯದು. ಪಿ1ಎನ್‌ಪಿ ಮೇಲೆ ಊಟದ ಪ್ರಭಾವವೂ ಗಂಟೆಯ ಪ್ರಭಾವವೂ ಬಹಳ ಕಡಿಮೆ, ಅದರ ಸ್ಯಾಂಪಲೂ ಬೇಗ ಕೆಡುವುದಿಲ್ಲ. ನಮ್ಮ ಭಾಗದ ದೂರ, ಬಸ್ಸು, ಬಿಸಿಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ, ಒಂದೇ ಪರೀಕ್ಷೆಗೆ ಹಣವಿದೆ ಎನ್ನುವವರಿಗೆ ನಾನು ಪಿ1ಎನ್‌ಪಿಯನ್ನೇ ಹೇಳುತ್ತೇನೆ.

ಟ್ಯೂಬು, ಸೆಂಟ್ರಿಫ್ಯೂಜ್, ಐಸ್‌ಪ್ಯಾಕ್

ಸಿಟಿಎಕ್ಸ್‌ಗೆ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬು ಉತ್ತಮ. ಸೀರಮ್‌ನಲ್ಲಿ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ದ್ರವ) ಈ ತುಣುಕು ಕೋಣೆಯ ಉಷ್ಣತೆಯಲ್ಲಿ ಕೆಲವೇ ಗಂಟೆಗಳಲ್ಲಿ ಕುಗ್ಗಲು ತೊಡಗುತ್ತದೆ, ಇಡಿಟಿಎ ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟದ ರಕ್ತದ ದ್ರವ ಭಾಗ) ಅದಕ್ಕಿಂತ ಬಹಳ ಹೆಚ್ಚು ಹೊತ್ತು ಉಳಿಯುತ್ತದೆ. ಪಿ1ಎನ್‌ಪಿಗೆ ಸೀರಮ್ ಆದರೂ ಪ್ಲಾಸ್ಮಾ ಆದರೂ ನಡೆಯುತ್ತದೆ. ಕ್ಯಾಲ್ಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಇಡಿಟಿಎ ಟ್ಯೂಬಿನಿಂದ ಮಾಡಲೇಬಾರದು. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಕೆಲಸ ಮಾಡಲು ಬೇಕಾದ ಲೋಹದ ಅಯಾನುಗಳನ್ನೂ ಕಸಿದುಕೊಳ್ಳುತ್ತದೆ. ಆದುದರಿಂದ ಎರಡು ಟ್ಯೂಬು ಬೇಕು, ಅವುಗಳ ಕ್ರಮವೂ ಮುಖ್ಯ: ಮೊದಲು ಕೆಂಪು ಅಥವಾ ಹಳದಿ ಮುಚ್ಚಳದ ಸೀರಮ್ ಟ್ಯೂಬು, ಆಮೇಲೆ ನೇರಳೆ. ಕ್ರಮ ತಪ್ಪಿ ಇಡಿಟಿಎ ಹನಿಯಷ್ಟು ಸೀರಮ್ ಟ್ಯೂಬಿಗೆ ಸೇರಿದರೂ ಕ್ಯಾಲ್ಸಿಯಂ ಸುಳ್ಳಾಗಿ ಇಳಿದು ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಇಲ್ಲದ ಕಾಯಿಲೆಗೆ ರೋಗಿಯನ್ನು ಅಲೆದಾಡಿಸಬೇಕಾಗುತ್ತದೆ. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಮಿಕ್ಕ ರಕ್ತವಿದೆಯೆಂದು ಅದನ್ನೇ ಇದಕ್ಕೂ ಬಳಸುವ ಉಳಿತಾಯ ಬೇಡ.

ನೇರಳೆ ಟ್ಯೂಬನ್ನು ಗುರುತಿನ ಮಟ್ಟದವರೆಗೆ ತುಂಬಿ, ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಕೆಂಪು ಕಣಗಳು ಒಡೆದರೆ ಅವುಗಳೊಳಗಿನ ಕಿಣ್ವಗಳು ಸಿಟಿಎಕ್ಸ್ ಅನ್ನು ಕಡಿಮೆ ಮಾಡುತ್ತವೆ, ಆಸ್ಟಿಯೋಕ್ಯಾಲ್ಸಿನ್ ಅನ್ನಂತೂ ಇನ್ನೂ ಹೆಚ್ಚು. ಪ್ಲಾಸ್ಮಾ ಕೆಂಪಗೆ ಕಂಡರೆ ಆ ಸ್ಯಾಂಪಲನ್ನು ಕಳಿಸುವುದಕ್ಕಿಂತ ರೋಗಿಯನ್ನು ಮತ್ತೊಮ್ಮೆ ಕರೆಸುವುದೇ ಲೇಸು. ಸಾಧ್ಯವಾದಷ್ಟು ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಬೇರೆ ಸಣ್ಣ ಟ್ಯೂಬಿಗೆ ತೆಗೆದು, ಹೆಸರು, ದಿನಾಂಕ, ರಕ್ತ ತೆಗೆದ ಗಂಟೆ ಮೂರನ್ನೂ ಅದರ ಮೇಲೆ ಬರೆಯಬೇಕು. ಅಂದೇ ಹೊರಡುವುದಾದರೆ 2ರಿಂದ 8 ಡಿಗ್ರಿಯಲ್ಲಿ ಐಸ್‌ಪ್ಯಾಕ್ ಜೊತೆ ಹೋಗಲಿ. ಶನಿವಾರ ತೆಗೆದದ್ದು ಸೋಮವಾರ ಹೊರಡುವುದಾದರೆ ಮೈನಸ್ 20 ಡಿಗ್ರಿಯಲ್ಲಿ ಗಟ್ಟಿಯಾಗಿಸಿ, ದಾರಿಯಲ್ಲಿ ಕರಗದಂತೆ ಕಳಿಸಬೇಕು, ಕರಗಿಸಿ ಮತ್ತೆ ಗಟ್ಟಿಯಾಗಿಸುವುದು ಕೂಡದು.

ಕಿಟ್ಟಿನ ಪತ್ರಿಕೆಯಲ್ಲಿ "ಕೋಣೆಯ ಉಷ್ಣತೆ" ಎಂದು ಬರೆದಿರುವುದು ಸಾಮಾನ್ಯವಾಗಿ 20ರಿಂದ 25 ಡಿಗ್ರಿ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಹೊರಗಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿದ ಬೈಕಿನ ಡಬ್ಬಿಯ ಒಳಗಿನದು ಅದಕ್ಕೂ ಹೆಚ್ಚು. ಬೇಸಿಗೆಯಲ್ಲಿ ಐಸ್‌ಪ್ಯಾಕ್ ಇಲ್ಲದೆ ಸ್ಯಾಂಪಲ್ ಕಲೆಕ್ಟ್ ಮಾಡುವ ಹುಡುಗನ ಕೈಗೆ ಟ್ಯೂಬು ಕೊಡಬಾರದು. ತೀರಾ ಅನಿವಾರ್ಯವಲ್ಲದ ಪರೀಕ್ಷೆಯಾದರೆ ಒಂದು ವಾರ ತಡವಾದರೂ ಸರಿಯಾದ ವ್ಯವಸ್ಥೆಯೊಂದಿಗೆ ಮಾಡುವುದು ಮೇಲು.

ಕೇಳಿ ಬರೆದುಕೊಳ್ಳಬೇಕಾದ ಸಂಗತಿಗಳು

ಅರ್ಜಿಯ ಹಾಳೆಯಲ್ಲಿ ವಯಸ್ಸು, ಲಿಂಗದ ಜೊತೆ ಇನ್ನಷ್ಟು ವಿಷಯ ಇರಬೇಕು. ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂಬುದು ಮೊದಲನೆಯದು, ಏಕೆಂದರೆ ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಎರಡೂ ಸೂಚಕಗಳು ಸಹಜವಾಗಿಯೇ ಏರುತ್ತವೆ. ಕಳೆದ ಒಂದು ವರ್ಷದಲ್ಲಿ ಎಲ್ಲಾದರೂ ಮೂಳೆ ಮುರಿದಿತ್ತೇ ಎಂದು ಕೇಳಬೇಕು; ಮುರಿದ ಮೂಳೆ ಕೂಡಿಕೊಳ್ಳುವ ಕೆಲಸ ರಕ್ತದಲ್ಲಿ ಆರು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಕಾಣಿಸುತ್ತದೆ. ದೀರ್ಘಕಾಲ ಹಾಸಿಗೆ ಹಿಡಿದವರಲ್ಲಿ ಸಿಟಿಎಕ್ಸ್ ಏರುತ್ತದೆ. ಗರ್ಭಿಣಿಯರಲ್ಲಿ, ಹಾಲುಣಿಸುವವರಲ್ಲಿ, ಬೆಳೆಯುವ ಮಕ್ಕಳಲ್ಲಿ ವಯಸ್ಕರ ಮಿತಿಗಳು ಅನ್ವಯಿಸುವುದಿಲ್ಲ.

ಸ್ಟಿರಾಯ್ಡ್ ಬಗ್ಗೆ ಒತ್ತಿ ಕೇಳಬೇಕು. ಉಬ್ಬಸಕ್ಕೋ ಕೀಲುನೋವಿಗೋ ಪ್ರೆಡ್ನಿಸೋಲೋನ್ ತೆಗೆದುಕೊಳ್ಳುವವರಲ್ಲಿ ಪಿ1ಎನ್‌ಪಿ ಬೇಗನೆ ಇಳಿಯುತ್ತದೆ, ಆ ಇಳಿತವನ್ನು ಮೂಳೆ ಮಾತ್ರೆಯ ಯಶಸ್ಸೆಂದು ಓದುವ ಅಪಾಯವಿದೆ. "ಮಾತ್ರೆ ತಗೋತೀರಾ" ಎಂದಷ್ಟೇ ಕೇಳಿದರೆ ಇಲ್ಲ ಎಂದೇ ಉತ್ತರ ಬರುವುದು ಹೆಚ್ಚು. ವೈದ್ಯರ ಚೀಟಿ ಅಥವಾ ಮಾತ್ರೆಯ ಖಾಲಿ ಪಟ್ಟಿ ತರಿಸಿ ನೋಡಬೇಕು.

ಇನ್ನೊಂದು ಬಯೋಟಿನ್ ಎಂಬ ವಿಟಮಿನ್. ಕೂದಲು ಉದುರುವುದಕ್ಕೆಂದು ಮಾರುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂವರೆಗೆ ಬಯೋಟಿನ್ ಇರುತ್ತದೆ. ಸ್ಟ್ರೆಪ್ಟಾವಿಡಿನ್-ಬಯೋಟಿನ್ ಜೋಡಿಯನ್ನು ಬಳಸುವ ಯಂತ್ರಗಳಲ್ಲಿ ಇದು ಅಡ್ಡಿಯಾಗಿ ಸಿಟಿಎಕ್ಸ್ ಮತ್ತು ಪಿ1ಎನ್‌ಪಿ ಇರುವುದಕ್ಕಿಂತ ಕಡಿಮೆ ತೋರಬಹುದು. ಪರೀಕ್ಷೆಗೆ ಎರಡು-ಮೂರು ದಿನ ಮುಂಚೆ ನಿಲ್ಲಿಸಿದರೆ ಸಾಕಾಗುತ್ತದೆ. ತಾಯಿಗೆ ಪರೀಕ್ಷೆ ಬರೆದಾಗ ಮಗಳ ಕೂದಲ ಮಾತ್ರೆಯನ್ನು ತಾಯಿಯೂ ನುಂಗುತ್ತಿದ್ದಾರೆಯೇ ಎಂದು ಕೇಳುವುದು ವಿಚಿತ್ರವೆನಿಸಿದರೂ ಕೇಳಬೇಕು.

ವರದಿಯನ್ನು ಓದುವುದು

ಮೊದಲು ಘಟಕ ನೋಡಬೇಕು. ಸಿಟಿಎಕ್ಸ್ ಅನ್ನು ಒಂದು ಲ್ಯಾಬು 0.45 ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್ ಎಂದೂ ಇನ್ನೊಂದು 450 ಪೈಕೋಗ್ರಾಂ ಪ್ರತಿ ಮಿಲಿಲೀಟರ್ ಎಂದೂ ಬರೆಯುತ್ತದೆ. ಎರಡೂ ಒಂದೇ, 450 ನ್ಯಾನೋಗ್ರಾಂ ಪ್ರತಿ ಲೀಟರ್ ಎಂದರೂ ಅದೇ. ಬೇರೆ ಬೇರೆ ಕಂಪನಿಯ ಯಂತ್ರಗಳ ಫಲಿತಾಂಶವನ್ನು ಮಾತ್ರ ಹೀಗೆ ಪರಸ್ಪರ ಬದಲಿಸಿಕೊಳ್ಳಲಾಗದು. ಎರಡನೆಯ ಪರೀಕ್ಷೆಯನ್ನೂ ಮೊದಲನೆಯದನ್ನು ಮಾಡಿದ ಲ್ಯಾಬಿಗೇ, ಅದೇ ವಿಧಾನಕ್ಕೇ ಕಳಿಸಬೇಕು. ರಿಯಾಯಿತಿ ಪ್ಯಾಕೇಜಿನ ಆಸೆಗೆ ಮಧ್ಯದಲ್ಲಿ ಲ್ಯಾಬು ಬದಲಿಸಿದರೆ ಹಿಂದಿನ ಸಂಖ್ಯೆಯೂ ನಿರುಪಯುಕ್ತವಾಗುತ್ತದೆ.

ಒಂದೇ ಸಂಖ್ಯೆ ಹೆಚ್ಚು ಹೇಳುವುದಿಲ್ಲ. ಒಬ್ಬರದೇ ರಕ್ತವನ್ನು ಬೇರೆ ಬೇರೆ ದಿನ ಅಳೆದರೂ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ, ಯಂತ್ರದ ಏರುಪೇರು ಅದಕ್ಕೆ ಸೇರುತ್ತದೆ. ಇವೆರಡನ್ನೂ ಮೀರಿದ ಬದಲಾವಣೆಯನ್ನಷ್ಟೇ ನಿಜವೆಂದು ಎಣಿಸಬೇಕು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮೂಳೆ ಸವೆತವನ್ನು ತಡೆಯುವ ಮೂರು ಬಗೆಯ ಬಿಸ್ಫಾಸ್ಫೊನೇಟ್ ಮಾತ್ರೆಗಳನ್ನು ಹೋಲಿಸಿದ ಟ್ರಿಯೋ ಅಧ್ಯಯನದ ಆಧಾರದ ಮೇಲೆ ಈ ಕನಿಷ್ಠ ಬದಲಾವಣೆಯನ್ನು ಪಿ1ಎನ್‌ಪಿಗೆ ಶೇ 38 ಮತ್ತು ಸಿಟಿಎಕ್ಸ್‌ಗೆ ಶೇ 56 ಎಂದು ಇಟ್ಟುಕೊಳ್ಳಲಾಗಿದೆ. ಉದಾಹರಣೆಗೆ, ಬಿಸ್ಫಾಸ್ಫೊನೇಟ್ ಗುಂಪಿನ ಅಲೆಂಡ್ರೊನೇಟ್ 70 ಮಿಲಿಗ್ರಾಂ ವಾರಕ್ಕೊಂದರಂತೆ ಆರಂಭಿಸುವ ಮೊದಲು 520 ಇದ್ದ ಸಿಟಿಎಕ್ಸ್ ಮೂರು ತಿಂಗಳ ನಂತರ 210 ಆದರೆ ಇಳಿತ ಸುಮಾರು ಶೇ 60, ಮದ್ದು ನಾಟಿದೆ. ಅದೇ 520 ಬರೀ 400ಕ್ಕೆ ಬಂದರೆ ಇಳಿತ ಶೇ 23, ಅದನ್ನು ಇಳಿತವೆಂದು ಕರೆಯುವಂತಿಲ್ಲ. ಆರಂಭದ ಸಂಖ್ಯೆಯೇ ಇಲ್ಲದ ರೋಗಿಯಲ್ಲಿ, ಚಿಕಿತ್ಸೆಯ ಮೇಲಿರುವಾಗ ಪಿ1ಎನ್‌ಪಿ 35 ಮೈಕ್ರೋಗ್ರಾಂ ಪ್ರತಿ ಲೀಟರ್‌ಗಿಂತ, ಸಿಟಿಎಕ್ಸ್ 280 ನ್ಯಾನೋಗ್ರಾಂ ಪ್ರತಿ ಲೀಟರ್‌ಗಿಂತ ಕೆಳಗಿದ್ದರೆ ಸಮಾಧಾನಪಡಬಹುದು. ಮಾತ್ರೆ ಆರಂಭಿಸುವ ಮೊದಲೇ ಅಳೆದಿಟ್ಟುಕೊಳ್ಳುವುದಕ್ಕೆ ಇದು ಬದಲಿಯಲ್ಲ.

ಇಳಿಯದಿದ್ದಾಗ ಔಷಧ ಬದಲಿಸುವ ಅವಸರ ಬೇಡ. ಮಾತ್ರೆಯನ್ನು ನುಂಗುತ್ತಿರುವ ಬಗೆಯನ್ನು ಮೊದಲು ಕೇಳಬೇಕು. ಅಲೆಂಡ್ರೊನೇಟ್ ಕರುಳಿನಿಂದ ಹೀರಲ್ಪಡುವುದೇ ಅತ್ಯಲ್ಪ. ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಚಹಾದ ಜೊತೆ, ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ಒಟ್ಟಿಗೇ ನುಂಗಿದರೆ ಹೊಟ್ಟೆಯೊಳಗೇ ವ್ಯರ್ಥವಾಗುತ್ತದೆ. ಇಳಿಯದ ಸಿಟಿಎಕ್ಸ್‌ನ ಹಿಂದೆ ಹೆಚ್ಚಿನ ಸಲ ಇರುವುದು ಇಂಥ ಕಾರಣವೇ, ಇಲ್ಲವೇ ಮಾತ್ರೆ ತೀರಿದ ಮೇಲೆ ಮತ್ತೆ ತಾರದೇ ಬಿಟ್ಟಿರುವುದು.

ಟೆರಿಪ್ಯಾರಟೈಡ್ ಚುಚ್ಚುಮದ್ದಿನಲ್ಲಿ ಲೆಕ್ಕ ತಿರುಗುಮುರುಗು: ಅದು ಮೂಳೆ ಕಟ್ಟಿಸುವ ಔಷಧವಾದ್ದರಿಂದ ಒಂದರಿಂದ ಮೂರು ತಿಂಗಳಲ್ಲಿ ಪಿ1ಎನ್‌ಪಿ ಕನಿಷ್ಠ 10 ಮೈಕ್ರೋಗ್ರಾಂನಷ್ಟು ಏರಬೇಕು. ಯಾವ ಔಷಧವೆಂದು ಬರೆಯದ ಅರ್ಜಿ ಬಂದರೆ ಲ್ಯಾಬಿನವರು ವರದಿಯ ಮೇಲೆ "ಹೆಚ್ಚು" ಎಂದು ಕೆಂಪು ಗುರುತು ಹಾಕಿ ರೋಗಿಯನ್ನು ಹೆದರಿಸುವುದು ಇಲ್ಲಿಯೇ.

ಮೂತ್ರಪಿಂಡ ಮತ್ತು ಫ್ಲೋರೈಡ್

ಸಿಟಿಎಕ್ಸ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡ ಎಷ್ಟು ಸೋಸುತ್ತಿದೆಯೆಂದು ಹೇಳುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದವರಲ್ಲಿ ಅದು ರಕ್ತದಲ್ಲಿ ಸೇರುತ್ತಾ ಹೋಗಿ ಸುಳ್ಳು ಏರಿಕೆ ತೋರುತ್ತದೆ, ಒಟ್ಟು ಪಿ1ಎನ್‌ಪಿ (ಇಡಿಯ ತುಣುಕು ಮತ್ತು ಅದರ ಬಿಡಿ ಭಾಗಗಳು ಸೇರಿ) ಅಳೆಯುವ ವಿಧಾನಗಳಿಗೂ ಇದೇ ತೊಂದರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಮೂಳೆಯ ಆಲ್ಕಲೈನ್ ಫಾಸ್ಫಟೇಸ್ ಅಥವಾ ಟ್ರ್ಯಾಪ್-5ಬಿ ನಂಬಬಹುದಾದ ಆಯ್ಕೆಗಳು.

ಫ್ಲೋರೈಡ್ ನಮ್ಮ ಮೂರು ಜಿಲ್ಲೆಗಳಿಗೆ ಹತ್ತಿರದ ವಿಷಯ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಆಗಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಈ ಭಾಗದ ಅನೇಕ ಹಳ್ಳಿಗಳ ಬೋರ್‌ವೆಲ್ ನೀರು ಆ ಮಿತಿಯನ್ನು ದಾಟಿದೆ. ಕಾಲುವೆ ನೀರು ಮುಟ್ಟದ ಒಣಭೂಮಿಯ ಊರುಗಳಲ್ಲಿ ಬೋರ್‌ವೆಲ್ಲೇ ಗತಿಯಾದ್ದರಿಂದ ಹಲವು ದಶಕ ಅದನ್ನೇ ಕುಡಿದವರು ಬಹಳ. ಫ್ಲೋರೈಡ್ ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ, ಹಾಗೆ ಕಟ್ಟಿದ ಮೂಳೆ ದಪ್ಪವಾಗಿಯೂ ಗಡಸಾಗಿಯೂ ಕಂಡರೂ ಗುಣದಲ್ಲಿ ಕಳಪೆ. ಪರಿಣಾಮವಾಗಿ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ, ಪಿ1ಎನ್‌ಪಿ ಏರಿರಬಹುದು, ಡೆಕ್ಸಾದಲ್ಲಿ ಬೆನ್ನುಮೂಳೆಯ ಸಾಂದ್ರತೆ ಸಹಜಕ್ಕಿಂತಲೂ ಚೆನ್ನಾಗಿ ಕಾಣುತ್ತದೆ, ರೋಗಿ ಮಾತ್ರ ಬೆನ್ನು ಬಗ್ಗಿಸಲಾರದೆ ನರಳುತ್ತಿರುತ್ತಾನೆ.

ಆದ್ದರಿಂದ ಸೂಚಕ ಹೆಚ್ಚಿದ್ದು ಸ್ಕ್ಯಾನ್ ಚೆನ್ನಾಗಿರುವ ವರದಿ ಕೈಗೆ ಬಂದಾಗ, ಎಷ್ಟು ವರ್ಷ ಯಾವ ನೀರು ಕುಡಿದಿದ್ದಾರೆ ಎಂದು ಕೇಳಿ, ಹಲ್ಲಿನ ಕಂದು ಕಲೆ ನೋಡಿ, ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪರೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಮೂತ್ರದ ಮತ್ತು ನೀರಿನ ಫ್ಲೋರೈಡ್ ಪರೀಕ್ಷೆಯೂ ಆಗಬೇಕು. ಹಾಲು, ಕಾಳು, ಸೊಪ್ಪು ಸಾಲದ ಊಟದವರಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊರತೆ ಇದರ ಜೊತೆಗೂಡಿದರೆ ಚಿತ್ರ ಇನ್ನೂ ಕಲಸುಹೋಗುತ್ತದೆ. ಇಂಥ ರೋಗಿಗೆ ಸೂಚಕ ಹೆಚ್ಚಿದೆಯೆಂಬ ಒಂದೇ ಕಾರಣಕ್ಕೆ ಬಿಸ್ಫಾಸ್ಫೊನೇಟ್ ಬರೆಯುವುದಕ್ಕಿಂತ ಮೊದಲು ಕುಡಿಯುವ ನೀರನ್ನು ಬದಲಿಸುವ ದಾರಿ ಹುಡುಕಬೇಕು.

ಡೆನೋಸುಮ್ಯಾಬ್ ಪಡೆಯುವವರು

ಮೂಳೆ ಸವೆತವನ್ನು ತಡೆಯಲು ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಚುಚ್ಚುವ ಈ ಔಷಧದ ಮೇಲಿರುವವರಲ್ಲಿ ಸಿಟಿಎಕ್ಸ್ ತೀರಾ ಕೆಳಗಿರುತ್ತದೆ. ಮುಂದಿನ ಚುಚ್ಚುಮದ್ದು ತಡವಾದರೆ ಅದು ಆರಂಭದ ಮಟ್ಟವನ್ನೂ ಮೀರಿ ಪುಟಿದೇಳುತ್ತದೆ, ಆ ತಿಂಗಳುಗಳಲ್ಲಿ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ. ನಾಟಿ, ಕಟಾವು, ಜಾತ್ರೆ ಎಂದು ದಿನ ಮುಂದೂಡುವ ರೋಗಿಗೆ ಇದನ್ನು ಮೊದಲ ಚುಚ್ಚುಮದ್ದಿನ ದಿನವೇ ತಿಳಿಸಿ, ಮುಂದಿನ ದಿನಾಂಕವನ್ನು ಮನೆಯವರ ಫೋನಿನಲ್ಲಿ ಹಾಕಿಸಬೇಕು. ಔಷಧವನ್ನು ನಿಲ್ಲಿಸಲೇಬೇಕಾದ ಸಂದರ್ಭದಲ್ಲಿ ಸಾಮಾನ್ಯವಾಗಿ ಝೊಲೆಡ್ರೊನಿಕ್ ಆಮ್ಲದ (ಇದೂ ಬಿಸ್ಫಾಸ್ಫೊನೇಟ್) ಡ್ರಿಪ್ ಕೊಡಲಾಗುತ್ತದೆ. ಅದಾದ ಮೂರು ಮತ್ತು ಆರು ತಿಂಗಳಿಗೆ, ಮೇಲೆ ಹೇಳಿದ ಬೆಳಗಿನ ಹೊತ್ತಿನಲ್ಲೇ, ಖಾಲಿ ಹೊಟ್ಟೆಯ ಸಿಟಿಎಕ್ಸ್ ಮಾಡಿಸಿ, ಅದು ಮತ್ತೆ ಏರುತ್ತಿದ್ದರೆ ಇನ್ನೊಂದು ಡ್ರಿಪ್ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.